ಹಕ್ಕಿ ಕಾಣಿಸುತ್ತಿಲ್ಲ, ಕೂಗು ಮಾತ್ರ ಕೇಳಿಸುತ್ತಿದೆ: ಹೆಸರು ಪತ್ತೆ ಮಾಡೋದು ಹೇಗೆ?

ಪ್ರಶ್ನೆ: ನಮ್ಮದು ಮಲೆನಾಡಿನಲ್ಲಿ ಹಳ್ಳದ ಪಕ್ಕದ ತೋಟದ ಮನೆ. ಮಳೆ ಹಿಡಿದ ಮೇಲೆ, ಇನ್ನೂ ಕತ್ತಲಿರುವಾಗಲೇ ಯಾರೋ ಹುಡುಗ ಶಿಳ್ಳೆ ಹಾಕುತ್ತಾ ಹೋದ ಹಾಗೆ ಕೇಳಿಸುತ್ತದೆ. ಹೊರಗೆ ಬಂದು ನೋಡಿದರೆ ಯಾರೂ ಇರುವುದಿಲ್ಲ. ಫೋನಿನ ಆ್ಯಪ್ ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತದೆ. ಇದು ಯಾವ ಹಕ್ಕಿ? ಬರೀ ಕೂಗು ಕೇಳಿ ಹಕ್ಕಿ ಗುರುತಿಸೋಕೆ ಆಗುತ್ತಾ?

ಉತ್ತರ: ಆಗುತ್ತದೆ. ನಿಮ್ಮ ಹಕ್ಕಿ ಹೆಚ್ಚುಕಮ್ಮಿ ಖಂಡಿತ ಮಲಬಾರ್ ವಿಸ್ಲಿಂಗ್ ಥ್ರಷ್.

ನೋಡದೆ, ಕೇಳದೆ ಇಷ್ಟು ಧೈರ್ಯವಾಗಿ ಹೇಳೋಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಮಲೆನಾಡು, ಹಳ್ಳ, ಮಳೆಗಾಲ, ಸೂರ್ಯ ಹುಟ್ಟುವ ಮೊದಲಿನ ಹೊತ್ತು. ಶಿಳ್ಳೆ ಅನ್ನುವುದು ಇದರ ಮೇಲೆ ಬಂದ ಐದನೇ ಸುಳಿವು ಅಷ್ಟೇ. ಕೂಗಿನಿಂದ ಹಕ್ಕಿ ಗುರುತಿಸುತ್ತೇವೆ ಅಂತ ನಾವು ಹೇಳುತ್ತೇವೆ, ಆದರೆ ನಿಜವಾಗಿ ನಡೆಯುವುದು ಇದು: ಜಾಗ, ತಿಂಗಳು, ಹೊತ್ತು ಈ ಮೂರೂ ಸೇರಿ ಇನ್ನೂರು ಮುನ್ನೂರು ಹಕ್ಕಿಗಳನ್ನು ಪಟ್ಟಿಯಿಂದ ಹೊರಗೆ ಹಾಕಿಬಿಡುತ್ತವೆ, ಉಳಿದ ನಾಲ್ಕೈದರಲ್ಲಿ ಯಾವುದು ಅಂತ ಕೂಗು ಹೇಳುತ್ತದೆ. ಹೊಸಬರು ಇದನ್ನು ತಿರುಗಿಸಿ ಮಾಡುತ್ತಾರೆ. ಮೊದಲು ಕೂಗು ಹಿಡಿದು ಇಡೀ ದೇಶದ ಹಕ್ಕಿಗಳಲ್ಲಿ ಹುಡುಕಲು ಹೋಗುತ್ತಾರೆ, ಅಲ್ಲೇ ದಾರಿ ತಪ್ಪುತ್ತದೆ.

ಈ ಥ್ರಷ್ ಪಶ್ಚಿಮ ಘಟ್ಟದ ಉದ್ದಕ್ಕೂ ಕಲ್ಲುಬಂಡೆ ಇರುವ ಹಳ್ಳ, ತೊರೆಗಳ ಹತ್ತಿರ ಇರುತ್ತದೆ. ಮೈ ಕಡುಕಪ್ಪು ನೀಲಿ, ಹಣೆ ಮತ್ತು ಭುಜದ ಮೇಲೆ ಹೊಳೆಯುವ ನೀಲಿ. ನೆರಳಿನಲ್ಲಿ ಕೂತರೆ ಪೂರ್ತಿ ಕಪ್ಪಾಗಿಯೇ ಕಾಣುತ್ತದೆ. ಇದರ ಹಾಡಿಗೆ ಒಂದು ಧಾಟಿ ಅಂತ ಇಲ್ಲ. ಏರುತ್ತದೆ, ಇಳಿಯುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಎಲ್ಲಿಂದಲೋ ಶುರುವಾಗುತ್ತದೆ. ಮನುಷ್ಯರು ಯೋಚನೆ ಮಾಡದೆ ಸುಮ್ನೆ ಶಿಳ್ಳೆ ಹಾಕಿದಾಗ ಆಗುವುದೂ ಹೀಗೇ, ಅದಕ್ಕೇ ನಿಮಗೆ ಯಾರೋ ಹೋಗುತ್ತಿದ್ದಾರೆ ಅನಿಸಿದ್ದು. ಇಂಗ್ಲಿಷ್‌ನಲ್ಲೂ ಇದಕ್ಕೆ ಶಿಳ್ಳೆ ಹಾಕುವ ಶಾಲೆ ಹುಡುಗ ಅಂತಲೇ ಅಡ್ಡಹೆಸರು. ಮಳೆಗಾಲದಲ್ಲಿ ಜಾಸ್ತಿ ಕೇಳಿಸುವುದಕ್ಕೆ ಕಾರಣ, ಅದು ಗೂಡು ಕಟ್ಟಿ ಮರಿ ಮಾಡುವ ಕಾಲ.

ಹಾಗಾದರೆ ಬೇರೆ ಶಿಳ್ಳೆಗಾರರು ಇಲ್ಲವಾ? ಇದ್ದಾರೆ. ಅವರನ್ನು ಹೇಗೆ ಬಿಟ್ಟೆ ಅಂತ ಹೇಳುತ್ತೇನೆ. ನವರಂಗ ಹಕ್ಕಿ ಬೆಳಿಗ್ಗೆ ಮತ್ತು ಸಂಜೆ ಎರಡು ಸ್ವರದ ಗಟ್ಟಿ ಶಿಳ್ಳೆ ಹಾಕುತ್ತದೆ. ಎಷ್ಟು ಹೊತ್ತಿಗೆ ಸರಿಯಾಗಿ ಅಂದರೆ ತಮಿಳಿನಲ್ಲಿ ಅದನ್ನು ಆರು ಗಂಟೆ ಹಕ್ಕಿ ಅಂತಲೇ ಕರೆಯುತ್ತಾರೆ. ಆದರೆ ಅದು ನಮ್ಮ ಕಡೆಗೆ ಹೆಚ್ಚಾಗಿ ಚಳಿಗಾಲಕ್ಕೆ ಬರುವ ಅತಿಥಿ. ಮಳೆಗಾಲದ ಹೊತ್ತಿಗೆ ಹೆಚ್ಚಿನವು ಮಧ್ಯ ಭಾರತ, ಹಿಮಾಲಯದ ತಪ್ಪಲು ಸೇರಿ ಮರಿ ಮಾಡುತ್ತಿರುತ್ತವೆ. ತಿಂಗಳು ನೋಡಿದ ತಕ್ಷಣ ಅದು ಪಟ್ಟಿಯಿಂದ ಹೋಯಿತು. ಮಡಿವಾಳ ಹಕ್ಕಿಯೂ ಕತ್ತಲಲ್ಲೇ ಹಾಡಲು ಶುರು ಮಾಡುತ್ತದೆ, ಆದರೆ ಅದರ ದನಿ ಸಣ್ಣದು, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತದೆ.

ಇನ್ನು ಆ್ಯಪ್ ಒಂದೊಂದು ಸಲ ಒಂದೊಂದು ಹೆಸರು ಹೇಳುವ ವಿಷಯ. ಇದಕ್ಕೆ ಒಂದು ಕಾರಣ ಭೀಮರಾಜ ಇರಬಹುದು, ಅಂದರೆ ಬಾಲದ ತುದಿಯಲ್ಲಿ ಎರಡು ಉದ್ದನೆಯ ತಂತಿ, ಅದರ ಕೊನೆಗೆ ಗರಿ ಇರುವ ದೊಡ್ಡ ಕಾಜಾಣ. ಬೇರೆ ಹಕ್ಕಿಗಳ ದನಿಯನ್ನು ಅನುಕರಣೆ ಮಾಡುವುದರಲ್ಲಿ ನಮ್ಮ ಕಾಡುಗಳಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಇದು ಆಟಕ್ಕೆ ಮಾಡುವುದೂ ಅಲ್ಲ. ಶ್ರೀಲಂಕಾದ ಮಳೆಕಾಡಿನಲ್ಲಿ ನಡೆದ ಅಧ್ಯಯನದಲ್ಲಿ, ಅಪಾಯ ಇದ್ದಾಗ ಅದು ಬೇಟೆ ಹಕ್ಕಿಗಳ ದನಿಯನ್ನೂ ಬೇರೆ ಹಕ್ಕಿಗಳ ಎಚ್ಚರಿಕೆ ಕೂಗನ್ನೂ ಹೆಚ್ಚಾಗಿ ಬಳಸುತ್ತದೆ ಅಂತ ಕಂಡುಬಂತು. ಬೇರೆ ಬೇರೆ ಜಾತಿಯ ಹಕ್ಕಿಗಳು ಗುಂಪಾಗಿ ಹುಳ ಹುಡುಕುತ್ತಾ ಹೋಗುವಾಗ ಅದೂ ಜೊತೆಗೆ ಇರುತ್ತದೆ, ಎಲ್ಲರ ದನಿಯನ್ನೂ ಕಲಿತಿರುತ್ತದೆ. ಇದನ್ನು ಹಿಡಿಯುವುದು ಕಷ್ಟವಲ್ಲ. ಒಂದೇ ಕೊಂಬೆಯಿಂದ ಒಂದು ನಿಮಿಷದೊಳಗೆ ಮೂರು ನಾಲ್ಕು ಹಕ್ಕಿಗಳ ಕೂಗು ಬಂದರೆ, ನಡುವೆ ಲೋಹ ಬಡಿದಂಥ ಒರಟು ಸ್ವರ ನುಸುಳಿದರೆ, ಅಲ್ಲಿ ಇರುವುದು ಒಂದೇ ಹಕ್ಕಿ. ಹಾಗಾಗಿ ಅಪರೂಪದ ಹಕ್ಕಿಯ ಕೂಗು ಕೇಳಿದೆ ಅಂತ ಕುಣಿಯುವ ಮೊದಲು ಇನ್ನೂ ಎರಡು ನಿಮಿಷ ನಿಂತು ಕೇಳಿ.

ಅಪರೂಪ ಅಂತ ಅನಿಸಿದ ಎಷ್ಟೋ ಕೂಗು ನಮ್ಮ ಅಂಗಳದ ಹಕ್ಕಿಗಳದ್ದೇ ಆಗಿರುತ್ತದೆ. ಗಂಡು ಕೋಗಿಲೆಯ ಕುಹೂ ಎಲ್ಲರಿಗೂ ಗೊತ್ತು, ಹೆಣ್ಣಿನ ಕಿಕ್-ಕಿಕ್-ಕಿಕ್ ಗೊತ್ತಿರುವವರು ಕಡಿಮೆ. ಕೆಂಬೂತದ ಊಪ್-ಊಪ್-ಊಪ್ ಕೇಳಿ ಗೂಬೆ ಅಂದುಕೊಂಡವರು ಬೇಕಾದಷ್ಟು ಜನ. ಮರಗಪ್ಪೆಗಳೂ ಕೆಂದಳಿಲೂ ಹಕ್ಕಿಗಳ ಲೆಕ್ಕಕ್ಕೆ ಬಂದುಬಿಡುತ್ತವೆ. ನಿಮ್ಮ ಮನೆ ಸುತ್ತಲಿನ ಇಪ್ಪತ್ತು ಮೂವತ್ತು ಹಕ್ಕಿಗಳ ಎಲ್ಲಾ ದನಿಗಳನ್ನು, ಹಾಡು ಮಾತ್ರ ಅಲ್ಲ, ಜಗಳ, ಎಚ್ಚರಿಕೆ, ಮರಿ ಊಟ ಕೇಳುವ ದನಿ ಎಲ್ಲವನ್ನೂ ಮೊದಲು ಕಲಿಯಿರಿ. ಆಮೇಲೆ ಬೇರೆ ಹಕ್ಕಿ ಬಂದರೆ ಕಿವಿಗೆ ತಾನಾಗಿಯೇ ತಾಗುತ್ತದೆ.

ಕೇಳಿದ್ದನ್ನು ಬರೆದಿಡುವುದು ಒಳ್ಳೆಯದು, ಅದೂ ಕನ್ನಡ ಅಕ್ಷರದಲ್ಲೇ. ಕುಟ್ರೂ-ಕುಟ್ರೂ ಅಂತ ಬರೆದರೆ ಕುಟ್ರ ಹಕ್ಕಿ ಕೂಗಿದ್ದು ಹತ್ತು ವರ್ಷ ಬಿಟ್ಟು ಓದಿದರೂ ಕೇಳಿಸುತ್ತದೆ. ಆದರೆ 'ಇಂಪಾಗಿತ್ತು', 'ವಿಚಿತ್ರವಾಗಿತ್ತು' ಅಂತ ಬರೆದರೆ ಏನೂ ಉಪಯೋಗ ಇಲ್ಲ. ಎಷ್ಟು ಸ್ವರ, ಮೇಲೆ ಹೋಯಿತಾ ಕೆಳಗೆ ಬಂತಾ, ನಡುವೆ ಎಷ್ಟು ಬಿಡುವು, ಅದೇ ಮತ್ತೆ ಬಂತಾ ಬದಲಾಯಿತಾ, ಇಷ್ಟು ಸಾಕು. ಉದಾಹರಣೆಗೆ ಬೇಸಿಗೆಯಲ್ಲಿ ಹಗಲೂ ರಾತ್ರಿಯೂ ಕೂಗುವ ಎರಡು ಕೋಗಿಲೆ ಜಾತಿಗಳನ್ನು ಜನ ಗೊಂದಲ ಮಾಡಿಕೊಳ್ಳುತ್ತಾರೆ. ಹಾಕ್ ಕುಕ್ಕೂ ಮೂರು ಸ್ವರದ ಕೂಗನ್ನು ಪ್ರತಿ ಸಲವೂ ಇನ್ನಷ್ಟು ಎತ್ತರಕ್ಕೆ ಏರಿಸುತ್ತಾ ಹೋಗಿ ಥಟ್ಟನೆ ನಿಲ್ಲಿಸುತ್ತದೆ. ಇಂಡಿಯನ್ ಕುಕ್ಕೂ ನಾಲ್ಕು ಸ್ವರವನ್ನು ಅದೇ ಎತ್ತರದಲ್ಲಿ, ಅದೇ ನಿಧಾನದಲ್ಲಿ ಹೇಳುತ್ತಲೇ ಇರುತ್ತದೆ. ಎಣಿಸಿದರೆ ಸಾಕು, ಗೊಂದಲವೇ ಇಲ್ಲ.

ಕೂಗು ಬಿಟ್ಟರೆ ಬೇರೆ ದಾರಿಯೇ ಇಲ್ಲದ ಹಕ್ಕಿಗಳೂ ಇವೆ, ನನಗೆ ಇವುಗಳ ಮೇಲೆ ಪ್ರೀತಿ ಜಾಸ್ತಿ. ನತ್ತಿಂಗಗಳನ್ನೇ ನೋಡಿ. ರಾತ್ರಿ ಮಣ್ಣು ರಸ್ತೆಯಲ್ಲಿ ಬೈಕಿನ ಬೆಳಕಿಗೆ ಕೆಂಪು ಕಣ್ಣು ಹೊಳೆದು ಪಕ್ಕನೆ ಹಾರುವ ಹಕ್ಕಿ. ನಮ್ಮಲ್ಲಿ ಸಿಗುವ ನತ್ತಿಂಗಗಳೆಲ್ಲ ಒಣ ಎಲೆ, ಮಣ್ಣು, ತೊಗಟೆ ಬಣ್ಣದವೇ. ಹಗಲಲ್ಲಿ ಫೋಟೋ ಇಟ್ಟುಕೊಂಡು ನೋಡಿದರೂ ತಿಳಿದವರೇ ಬಾಲದ ಬಿಳಿ, ಕತ್ತಿನ ಗೆರೆ ಅಂತ ವಾದ ಮಾಡುತ್ತಾರೆ. ಬಾಯಿ ತೆರೆದರೆ ವಾದ ಮುಗಿಯಿತು. ಇಂಡಿಯನ್ ನತ್ತಿಂಗದ ಚಕ್-ಚಕ್-ಚಕ್-ಚರ್ರ್ ಅನ್ನುವುದು ಕಲ್ಲಿನ ನೆಲದ ಮೇಲೆ ಗೋಲಿ ಬಿದ್ದು ಬೇಗ ಬೇಗ ಪುಟಿಯುತ್ತಾ ನಿಂತ ಹಾಗೆ. ಜರ್ಡನ್ಸ್ ನತ್ತಿಂಗ ನಡುಗುವ ದನಿಯಲ್ಲಿ ಚ್ವೊ-ವೊ-ವೊ ಅನ್ನುತ್ತದೆ, ಕಪ್ಪೆ ಅಂದುಕೊಂಡರೆ ತಪ್ಪೇನಿಲ್ಲ. ಕಾಡಿನ ನತ್ತಿಂಗದ್ದು ಥಕೂ-ಥಕೂ. ಸವಾನಾ ನತ್ತಿಂಗ ಬಯಲಿನ ಮೇಲೆ ಹಾರುತ್ತಲೇ ಚ್ವೀಪ್ ಅಂತ ಒಂದೊಂದೇ ಸ್ವರ ಬಿಡುತ್ತದೆ.

ಕಪ್ಪೆಬಾಯಿ ಹಕ್ಕಿಯ ಕಥೆಯೂ ಇದೇ. ಶ್ರೀಲಂಕಾ ಮತ್ತು ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಈ ಹಕ್ಕಿ ಹಗಲಿಡೀ ಒಣಗಿದ ಎಲೆಯ ಹಾಗೆ ಜೋಡಿಯಾಗಿ ಅಲ್ಲಾಡದೆ ಕೂತಿರುತ್ತದೆ, ನಾವು ಕೈಗೆಟುಕುವ ದೂರದಲ್ಲೇ ಹಾದು ಹೋದರೂ ಗೊತ್ತಾಗುವುದಿಲ್ಲ. ಆದರೆ ಸಂಜೆ ಕತ್ತಲಾಗುವ ಹೊತ್ತಿಗೆ ಹೆಣ್ಣು ಕರ್ಕಶವಾಗಿ ಕಿರುಚುತ್ತದೆ, ಗಂಡು ಕ್ಲಾಕ್-ಕ್ಲಾಕ್-ಕ್ಲಾಕ್ ಅಂತ ನಗುವ ದನಿ ಹೊರಡಿಸುತ್ತದೆ. ದಾಂಡೇಲಿ, ಗಣೇಶಗುಡಿ ಕಡೆ ಇದನ್ನು ಹುಡುಕುವವರು ಸಂಜೆ ಕಿವಿ ತೆರೆದು ಕಾಯುವುದು ಅದಕ್ಕೇ.

ಆ್ಯಪ್ ಬಳಸಬೇಡಿ ಅಂತ ನಾನು ಹೇಳುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಅಧ್ಯಯನ ಕೇಂದ್ರದ ಮರ್ಲಿನ್ ಆ್ಯಪ್‌ಗೆ 2021ರಲ್ಲಿ ದನಿ ಗುರುತಿಸುವ ಸೌಲಭ್ಯ ಬಂತು. ಅದು ದನಿಯನ್ನು ಚಿತ್ರ ಮಾಡಿಕೊಂಡು, ಆ ಚಿತ್ರದ ಆಕಾರವನ್ನು ತಾನು ಕಲಿತ ಆಕಾರಗಳ ಜೊತೆ ಹೋಲಿಸುತ್ತದೆ. ಹಳ್ಳದ ಸದ್ದು, ಹೆಂಚಿನ ಮೇಲಿನ ಮಳೆ, ಅಡುಗೆಮನೆಯ ಮಿಕ್ಸಿ ಎಲ್ಲವೂ ಆ ಚಿತ್ರದಲ್ಲಿ ಸೇರಿಕೊಳ್ಳುತ್ತವೆ. ಹಕ್ಕಿ ದೂರ ಇದ್ದರಂತೂ ಆಕಾರವೇ ಮಸುಕು. ಜೊತೆಗೆ ನಿಮ್ಮ ಥ್ರಷ್‌ನಂತೆ ಪ್ರತಿ ಸಲ ಬೇರೆ ಬೇರೆ ಹಾಡುವ ಹಕ್ಕಿ ಆದರೆ ಅದಕ್ಕೂ ಕಷ್ಟವೇ ಅಲ್ವಾ? ಹಾಗಾಗಿ ಆ್ಯಪ್ ಹೇಳಿದ ಹೆಸರನ್ನು ಸುಳಿವು ಅಂತ ತೆಗೆದುಕೊಳ್ಳಿ. ಆ ಹಕ್ಕಿ ನಿಮ್ಮ ಜಿಲ್ಲೆಯಲ್ಲಿ ಈ ತಿಂಗಳು ಇರುತ್ತದಾ ಅಂತ, ಜನ ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ತಾಣವಾದ ಇ-ಬರ್ಡ್‌ನಲ್ಲಿ ನೋಡಿ. ಆಮೇಲೆ ಝೀನೋ-ಕ್ಯಾಂಟೋ ತಾಣದಲ್ಲಿ ಅದರ ರೆಕಾರ್ಡಿಂಗ್ ಕೇಳಿ. ಜಗತ್ತಿನ ಹಕ್ಕಿ ದನಿಗಳನ್ನು ಜನರೇ ಸೇರಿ 2005ರಿಂದ ಅಲ್ಲಿ ಕೂಡಿಡುತ್ತಾ ಬಂದಿದ್ದಾರೆ. ಪಶ್ಚಿಮ ಘಟ್ಟದಲ್ಲಿ ಮಾಡಿದ ರೆಕಾರ್ಡಿಂಗ್‌ಗಳನ್ನೇ ಆರಿಸಿ ಕೇಳಿ, ಯಾಕೆಂದರೆ ಒಂದೇ ಹಕ್ಕಿಯ ದನಿ ಊರಿಂದ ಊರಿಗೆ ಬದಲಾಗುವುದುಂಟು.

ನೀವೇ ರೆಕಾರ್ಡ್ ಮಾಡುವಾಗ ಅರ್ಧ ನಿಮಿಷವಾದರೂ ಬಿಡದೆ ಮಾಡಿ, ಫೋನಿನ ಮೈಕ್ ಹಕ್ಕಿಯ ಕಡೆಗಿರಲಿ, ನಡೆಯಬೇಡಿ, ಮಾತಾಡಬೇಡಿ. ಹೆಸರು ಗೊತ್ತಾಗದಿದ್ದರೂ ಅಳಿಸಬೇಡಿ, ದಿನಾಂಕ ಮತ್ತು ಜಾಗ ಬರೆದು ಇಡಿ.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಹಕ್ಕಿ ಹೊರಗೆ ಬರಲಿ ಅಂತ ಅದರದ್ದೇ ಕೂಗನ್ನು ಫೋನಿನಲ್ಲಿ ಜೋರಾಗಿ ಹಾಕುವ ಅಭ್ಯಾಸ ಈಗ ಬಹಳ ಆಗಿದೆ. ಅದು ಬರುತ್ತದೆ, ಆದರೆ ಬರುವುದು ತನ್ನ ಜಾಗಕ್ಕೆ ಬೇರೆ ಗಂಡು ನುಗ್ಗಿದೆ ಅನ್ನುವ ಸಿಟ್ಟಿಗೆ. ಗೂಡಿನ ಕಾಲದಲ್ಲಿ ಇಲ್ಲದ ಶತ್ರುವನ್ನು ಹುಡುಕುತ್ತಾ ಅದು ಕಳೆಯುವ ಹೊತ್ತು ಮರಿಗೆ ಹುಳ ತರಬೇಕಾದ ಹೊತ್ತು. ನಿಮ್ಮ ಥ್ರಷ್ ಹಾಡುತ್ತಿರುವುದು ಸರಿಯಾಗಿ ಆ ಕಾಲದಲ್ಲೇ.