ಒಳ್ಳೆಯದಕ್ಕೆ ಅಂತ ತಂದರೂ ನೌಕರರು ಯಾಕೆ ಅನುಮಾನ ಪಡುತ್ತಾರೆ?

ಪ್ರಶ್ನೆ: ನಾನು ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದೇನೆ. ನೌಕರರಿಗೆ ಅನುಕೂಲ ಆಗಲಿ ಅಂತಲೇ ಏನಾದರೂ ಹೊಸದು ತರುತ್ತೇವೆ. ಕೆಲವರು ಖುಷಿ ಪಡುತ್ತಾರೆ. ಇನ್ನು ಕೆಲವರು "ಇದರ ಹಿಂದೆ ಏನೋ ಇದೆ" ಅಂತಾರೆ. ಸವಲತ್ತು ಎಲ್ಲರಿಗೂ ಒಂದೇ, ಆದರೂ ಯಾಕೆ ಹೀಗೆ?

ಉತ್ತರ: ನಾನು ಹಿಂದೆ ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ ರಾತ್ರಿ ಎಂಟೂವರೆ ದಾಟಿದರೆ ಊಟ ಫ್ರೀ, ಮನೆಗೆ ಕ್ಯಾಬ್ ಕೂಡ ಫ್ರೀ. ಪಿಜಿಯ ನೀರು ಸಾಂಬಾರಿಗೆ ಬೇಸತ್ತಿದ್ದ ಹುಡುಗರಿಗೆ ಅದು ಹಬ್ಬ. ನನ್ನ ಪಕ್ಕದ ಸೀಟಿನಾಕೆಗೆ ಎರಡು ವರ್ಷದ ಮಗು ಇತ್ತು. ಅವರು ಒಂದು ದಿನವೂ ಆ ಪಲಾವಿನ ಡಬ್ಬಿ ಮುಟ್ಟಲಿಲ್ಲ. "ಊಟ ಹಾಕಿ ಕೂರಿಸಿಕೊಳ್ತಾರೆ ಕಣ್ರೀ" ಅಂದಿದ್ದರು. ಹುಡುಗರ ಖುಷಿಯೂ ನಿಜ, ಆ ತಾಯಿಯ ಸಿಟ್ಟೂ ನಿಜ.

ಏನು ಕೊಟ್ಟರು ಅನ್ನುವುದು ನೌಕರರಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಯಾಕೆ ಕೊಟ್ಟರು, ಈಗಲೇ ಯಾಕೆ ಕೊಟ್ಟರು ಅನ್ನುವುದರ ಮೇಲೆ ಕ್ಯಾಂಟೀನಿನಲ್ಲಿ ವಾರಗಟ್ಟಲೆ ಮಾತು ನಡೆಯುತ್ತದೆ. ಈ 'ಯಾಕೆ'ಯನ್ನೇ ಹಿಡಿದು 2008ರಲ್ಲಿ ಸಂಶೋಧಕರಾದ ಲಿಸಾ ನಿಶೀ, ಡೇವಿಡ್ ಲೆಪಾಕ್, ಬೆಂಜಮಿನ್ ಶ್ನೈಡರ್ ಅಮೆರಿಕದ ಒಂದು ಸೂಪರ್‌ಮಾರ್ಕೆಟ್ ಸರಣಿಯ ನೌಕರರನ್ನು ಕೇಳಿ ನೋಡಿದರು. ಕಂಪನಿ ಒಂದೇ. ಆದರೆ ಅದರ ನಿಯಮಗಳ ಹಿಂದಿನ ಕಾರಣ ಏನು ಅಂದರೆ ಉತ್ತರ ಬೇರೆ ಬೇರೆ. ಗಿರಾಕಿಗಳಿಗೆ ಒಳ್ಳೆ ಸೇವೆ ಸಿಗಲಿ ಅಂತ, ನಾವು ಚೆನ್ನಾಗಿರಲಿ ಅಂತ, ಖರ್ಚು ಉಳಿಸೋಕೆ, ನಮ್ಮನ್ನು ಹಿಂಡೋಕೆ, ಯೂನಿಯನ್ ಜೊತೆ ಒಪ್ಪಂದ ಇದೆಯಲ್ಲ ಅಂತ. ಮೊದಲ ಎರಡು ಕಾರಣ ನಂಬಿದವರಿಗೆ ಕಂಪನಿಯ ಮೇಲೆ ಅಭಿಮಾನ ಜಾಸ್ತಿ ಇತ್ತು. ಖರ್ಚು, ಹಿಂಡುವುದು ಅಂದುಕೊಂಡವರಿಗೆ ಕಡಿಮೆ. ಅಭಿಮಾನ ಇದ್ದ ವಿಭಾಗಗಳಲ್ಲಿ ಒಬ್ಬರಿಗೊಬ್ಬರು ಕೈಜೋಡಿಸುವುದೂ ಜಾಸ್ತಿ ಇತ್ತು.

ನಮ್ಮಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಅದು ಎಚ್‌ಆರ್ ತಂದದ್ದಲ್ಲ, ಸರ್ಕಾರದ ನಿಯಮ. ಆದರೆ ಪಾಠ ಅದೇ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂದಿತು. ಮುಪ್ಪಿನ ಕಾಲಕ್ಕೆ ಕೈಯಲ್ಲಿ ದುಡ್ಡಿರಲಿ ಅನ್ನುವುದು ಸರ್ಕಾರದ ಲೆಕ್ಕ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಲೆಕ್ಕ ಬೇರೆ ಇತ್ತು. 58ರವರೆಗೆ ಹೊಲಿಗೆ ಮಷಿನ್ ಮುಂದೆ ಕೂರುವವರು ಯಾರು? ಕೆಲವು ವರ್ಷ ದುಡಿದು, ಕೆಲಸ ಬಿಟ್ಟಾಗ ಬರುವ ಪಿಎಫ್‌ನಲ್ಲಿ ಮಕ್ಕಳ ಫೀಸು, ಮದುವೆ, ಕೈಸಾಲ ತೀರಬೇಕು. ಅವರ ಕಿವಿಗೆ ಆ ನಿಯಮ ಕೇಳಿಸಿದ್ದು 'ನಿಮ್ಮ ದುಡ್ಡು ನಿಮಗಿಲ್ಲ' ಅಂತ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಜನ ಬೀದಿಗಿಳಿದರು. ಹೊಸೂರು ರಸ್ತೆ ನಿಂತೇ ಹೋಯಿತು. ಲಾಠಿ, ಕಲ್ಲು, ಬೆಂಕಿ ಎಲ್ಲ ಆಯಿತು. 19ರಂದೇ ಕೇಂದ್ರ ಆ ನಿಯಮ ಕೈಬಿಟ್ಟಿತು. ಅವರಿಗೆ ನಿಯಮ ಅರ್ಥ ಆಗಿರಲಿಲ್ಲ ಅಂತ ಆಗ ಕೆಲವರು ಹೇಳಿದ್ದುಂಟು. ನನಗಂತೂ ಅವರಿಗೆ ಚೆನ್ನಾಗಿಯೇ ಅರ್ಥ ಆಗಿತ್ತು ಅನ್ನಿಸುತ್ತದೆ.

ನಿಮ್ಮ ಕಂಪನಿಗೆ ಬರೋಣ. ಅನುಮಾನದ ಬೀಜ ಎಷ್ಟೋ ಸಲ ಆಫರ್ ಲೆಟರ್‌ನಲ್ಲೇ ಇರುತ್ತದೆ. ಸಿಟಿಸಿ, ಅಂದರೆ ಒಬ್ಬ ನೌಕರರಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚಿನ ಪಟ್ಟಿಯಲ್ಲಿ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಅಂತ ಒಂದು ಸಾಲು ನೋಡಿ, ಮೂಲ ವೇತನದ ಶೇ. 4.81. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಹಿಡಿದರೆ ಬರುವ ಲೆಕ್ಕ ಅದು. ಮೂಲ ವೇತನ 30,000 ಇದ್ದರೆ ತಿಂಗಳಿಗೆ ಸುಮಾರು 1,440 ರೂಪಾಯಿ. ಕಾಯಂ ನೌಕರರಿಗೆ ಸಾಮಾನ್ಯವಾಗಿ ಅದು ಕೈಗೆ ಬರಬೇಕಾದರೆ 5 ವರ್ಷ ಇರಬೇಕು. ಮೊದಲ ಸಂಬಳದ ದಿನ ಸ್ಲಿಪ್ ಹಿಡಿದು "ಹೇಳಿದ್ದೆಷ್ಟು, ಬಂದಿದ್ದೆಷ್ಟು" ಅಂತ ಕೂಡಿ ಕಳೆದವರಿಗೆ ನೀವು ಆಮೇಲೆ ಯೋಗ ಕ್ಲಾಸ್ ಇಟ್ಟರೂ ಆ ಸ್ಲಿಪ್ಪೇ ನೆನಪಾಗುತ್ತದೆ.

ಇನ್ನೊಂದು, ಮಾತಿಗೂ ನಡೆಗೂ ತಾಳೆ. 2004ರಲ್ಲಿ ಸಂಶೋಧಕರಾದ ಡೇವಿಡ್ ಬೋವೆನ್, ಚೆರಿ ಆಸ್ಟ್ರಾಫ್ ಬರೆದದ್ದು ಇದನ್ನೇ. ನಿಯಮ ಎದ್ದು ಕಾಣಬೇಕು, ದಿನಕ್ಕೊಂದು ಥರ ಇರಬಾರದು, ಹೇಳುವವರೆಲ್ಲ ಒಂದೇ ಮಾತು ಹೇಳಬೇಕು. ಹಾಗಿಲ್ಲದಿದ್ದರೆ ಒಬ್ಬೊಬ್ಬರೂ ತಮಗೆ ತೋಚಿದ ಅರ್ಥ ಮಾಡಿಕೊಳ್ಳುತ್ತಾರೆ. 'ರಜೆ ಹಾಕಿ, ವಿಶ್ರಾಂತಿ ತಗೊಳ್ಳಿ' ಅಂತ ಎಚ್‌ಆರ್ ಪೋಸ್ಟರ್ ಅಂಟಿಸುತ್ತದೆ. ರಜೆ ಕೇಳಿದರೆ ಮ್ಯಾನೇಜರ್ ಹುಬ್ಬು ಏರಿಸುತ್ತಾರೆ. ಜನ ನಂಬುವುದು ಹುಬ್ಬನ್ನು, ಅಲ್ವಾ?

ಹಾಗಾಗಿ ಖರ್ಚು ಉಳಿಸೋಕೆ ಏನಾದರೂ ಮಾಡಿದರೆ ಖರ್ಚು ಉಳಿಸೋಕೆ ಅಂತಲೇ ಹೇಳಿಬಿಡಿ. ಕ್ಯಾಬ್ ನಿಲ್ಲಿಸಿ 'ನಡಿಗೆ ಆರೋಗ್ಯಕ್ಕೆ ಒಳ್ಳೆಯದು' ಅಂತ ಸುಮ್ನೆ ಬಣ್ಣ ಹಚ್ಚಿದರೆ ಮುಂದೆ ನಿಜವಾಗಿ ಆರೋಗ್ಯಕ್ಕೆ ಅಂತ ತಂದದ್ದನ್ನೂ ಜನ ನಗುತ್ತಲೇ ನೋಡುತ್ತಾರೆ. ಮೇಲ್ ಕಳಿಸುವ ಒಂದು ದಿನ ಮುಂಚೆ ಟೀಮ್ ಲೀಡರುಗಳನ್ನು, ಸೂಪರ್‌ವೈಸರುಗಳನ್ನು ಕೂರಿಸಿ ವಿಷಯ ಹೇಳಿ. ಮೇಲ್ ಬಂದ ಕೂಡಲೇ ಎಲ್ಲರೂ ಹೋಗಿ ಕೇಳುವುದು ಅವರನ್ನೇ. ಅವರೇ "ನಂಗೂ ಈಗಲೇ ಗೊತ್ತಾಗಿದ್ದು" ಅಂದುಬಿಟ್ಟರೆ, ಕ್ಯಾಂಟೀನಿನಲ್ಲಿ ಆ ಮಧ್ಯಾಹ್ನವೇ ನಿಮ್ಮ ಮೇಲ್‌ಗೆ ಬೇರೆ ಅರ್ಥ ಹುಟ್ಟಿರುತ್ತದೆ.