ಟೋಲ್ ರಸ್ತೆಯ ಯೂನಿಟ್ಟಿಗೆ ಹಳೆಯ ಕನಿಷ್ಠ ಬೆಲೆ ಅಳತೆಗೋಲಲ್ಲ

ಹೋದ ತಿಂಗಳು ತುಮಕೂರಿನ ನನ್ನ ಕಚೇರಿಗೆ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಬಂದರು. ಕೈಯಲ್ಲಿ ನೂರು ಹಾಳೆಯ ನೋಟ್‌ಬುಕ್. ಅದರಲ್ಲಿ ಟೋಲ್ ರಸ್ತೆಗಳ ಒಂದು ಇನ್ವಿಟ್ ಟ್ರಸ್ಟಿನ ಯೂನಿಟ್ಟಿನ, ಅಂದರೆ ಪಾಲಿನ, ಐದು ವರ್ಷದ ಬೆಲೆಗಳು: ವರ್ಷವರ್ಷದ ಗರಿಷ್ಠ, ಕನಿಷ್ಠ. ಕನಿಷ್ಠದ ಕೆಳಗೆಲ್ಲ ಕೆಂಪು ಗೆರೆ.

“ಸಾರ್, ಈಗ ಗೆರೆ ಹತ್ತಿರವೇ ಇದೆ. ಗ್ರಾಚುಯಿಟಿ ದುಡ್ಡು ಪೂರ್ತಿ ಹಾಕಿಬಿಡ್ಲಾ? ಗುಯಿಲಾಳು ಟೋಲಲ್ಲಿ ಲಾರಿ ಸಾಲು ನೋಡಿದ್ದೀರಲ್ಲ!”

ಲಾರಿ ಸಾಲು ನಿಜ. ಆ ಟೋಲ್ ಇರುವ ತುಮಕೂರು–ಚಿತ್ರದುರ್ಗ ರಸ್ತೆ ಮೇಷ್ಟ್ರ ಪಟ್ಟಿಯ ಐಆರ್‌ಬಿ ಇನ್ವಿಟ್‌ನ ಆಸ್ತಿಗಳಲ್ಲೊಂದು. ಆದರೆ ಆ ಕೆಂಪು ಗೆರೆ ಮೇಷ್ಟ್ರಿಗೆ ದಾರಿ ತಪ್ಪಿಸುತ್ತಿತ್ತು.

ರಸ್ತೆ, ವಿದ್ಯುತ್ ಮಾರ್ಗದಂಥ ಆಸ್ತಿ ಇಟ್ಟುಕೊಂಡ ಟ್ರಸ್ಟ್ ಇನ್ವಿಟ್. ಬಾಡಿಗೆ ಕಟ್ಟಡಗಳದ್ದು ರೀಟ್. ಹಂಚಬಹುದಾದ ನಗದಿನಲ್ಲಿ ಶೇ. 90ಕ್ಕೆ ಕಡಿಮೆಯಿಲ್ಲದಂತೆ ಯೂನಿಟ್‌ದಾರರಿಗೆ ಕೊಡಲೇಬೇಕು. 2021ರಿಂದ ಒಂದೇ ಒಂದು ಯೂನಿಟ್ ಕೂಡ ಕೊಳ್ಳಬಹುದು. ಹಾಗಾಗಿ ಪಿಂಚಣಿದಾರರು ಇತ್ತ ತಿರುಗಿದ್ದಾರೆ.

ಈಗ ಟೋಲ್ ರಸ್ತೆಯನ್ನೇ ನೋಡಿ. ಅದು ಟ್ರಸ್ಟಿನ ಸ್ವಂತದ್ದಲ್ಲ, ಇಷ್ಟು ವರ್ಷ ಎಂದು ವಸೂಲಿ ಹಕ್ಕು ಮಾತ್ರ. ಅವಧಿ ಮುಗಿದ ದಿನ ರಸ್ತೆ ಹೆದ್ದಾರಿ ಪ್ರಾಧಿಕಾರಕ್ಕೆ ವಾಪಸ್. ಇದೇ ಇನ್ವಿಟ್‌ನ ಸೂರತ್–ದಹಿಸರ್ ರಸ್ತೆಯ ಅವಧಿ 2022ರಲ್ಲಿ ಮುಗಿಯಿತು. ಮೇಷ್ಟ್ರ ಪಟ್ಟಿಯ ಮೊದಲ ವರ್ಷಗಳ ಬೆಲೆಯಲ್ಲಿ ಆ ರಸ್ತೆಯ ಟೋಲೂ ಸೇರಿತ್ತು, ಈಗಿನ ಬೆಲೆಯಲ್ಲಿ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? 2017ರಲ್ಲಿ 102 ರೂಪಾಯಿಗೆ ವಿತರಣೆಯಾದ ಈ ಯೂನಿಟ್ ಆ ಬೆಲೆಗೆ ಮರಳಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಬಂಡವಾಳವನ್ನು ಚೂರುಚೂರಾಗಿ ಹಿಂದಿರುಗಿಸುವ ಯೂನಿಟ್ಟಿನ ಬೆಲೆ ಕಾಲಕ್ರಮದಲ್ಲಿ ಇಳಿಯುವುದು ಸಹಜ.

ಲೆಕ್ಕ ಹಾಕಿ ತೋರಿಸಿದೆ. ಉದಾಹರಣೆಗೆ ಬೆಲೆ 60, ವರ್ಷದ ಹಂಚಿಕೆ 8 ಎನ್ನಿ. ಶೇ. 13 ದಾಟಿತು ಎಂದು ಮೇಷ್ಟ್ರು ಹಿಗ್ಗಿದರು. ಆದರೆ ಆ ಎಂಟರಲ್ಲಿ 2 ರೂಪಾಯಿ ಬಂಡವಾಳದ ವಾಪಸಾತಿಯಾದರೆ ಆದಾಯ 6 ರೂಪಾಯಿ, ಶೇ. 10. ನಾಲ್ಕು ವರ್ಷದ ಹಿಂದಿನ ಕನಿಷ್ಠವೂ 60 ಇದ್ದು, ನಡುವೆ 8 ರೂಪಾಯಿ ಬಂಡವಾಳ ಮರಳಿದ್ದರೆ, ಇವತ್ತಿಗೆ ಅದರ ಸಮಾನ ಬೆಲೆ 52. ಅಂದರೆ ಈಗಿನ 60 ಕನಿಷ್ಠದ ಹತ್ತಿರವೇ ಇಲ್ಲ. ಹಂಚಿಕೆಯಲ್ಲಿ ಬಡ್ಡಿ ಎಷ್ಟು, ಡಿವಿಡೆಂಡ್ ಎಷ್ಟು, ಬಂಡವಾಳ ಎಷ್ಟು ಎಂದು ಟ್ರಸ್ಟ್ ಪ್ರತಿ ಸಲ ಬಿಡಿಸಿ ಹೇಳುತ್ತದೆ. ಆ ಪುಟ ಓದದೆ ಯಾರೂ ಒಂದು ಯೂನಿಟ್ಟನ್ನೂ ಕೊಳ್ಳಬಾರದು ಎನ್ನುವಷ್ಟು ನನಗೆ ಇದು ಮುಖ್ಯ.

ರೀಟ್‌ನಲ್ಲಿ ಹಳೆಯ ಬೆಲೆಗೆ ಸ್ವಲ್ಪ ಹೆಚ್ಚು ಅರ್ಥವಿದೆ. ನಮ್ಮ ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಇರುವ ಎಂಬೆಸಿ ರೀಟ್ 2019ರ ಏಪ್ರಿಲ್‌ನಲ್ಲಿ ಪೇಟೆಗೆ ಬಂತು; ಕಟ್ಟಡಗಳನ್ನು ಟೋಲ್ ರಸ್ತೆಯಂತೆ ಗಡುವಿಗೆ ವಾಪಸ್ ಕೊಡಬೇಕಾಗಿಲ್ಲ, ಬಾಡಿಗೆಯೂ ಕಾಲಕಾಲಕ್ಕೆ ಏರುತ್ತದೆ. ಆದರೂ ರೂಪಾಯಿ ಬದಲು ಶೇಕಡಾವಾರು ಆದಾಯದ ಏರಿಳಿತ ಬರೆದುಕೊಳ್ಳಿ, ಪಕ್ಕದಲ್ಲಿ ಆಗಿನ ಹತ್ತು ವರ್ಷದ ಸರ್ಕಾರಿ ಬಾಂಡಿನ ದರ. ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ 2020ರ ಮೇನಿಂದ ಎರಡು ವರ್ಷ ಶೇ. 4 ಇತ್ತು, 2023ರ ಫೆಬ್ರುವರಿಗೆ ಶೇ. 6.5 ಆಯಿತು. ಅಗ್ಗದ ಬಡ್ಡಿಯ ಕಾಲದ ಬೆಲೆಯನ್ನು ದುಬಾರಿ ಬಡ್ಡಿಯ ಕಾಲದಲ್ಲಿ ಯಾರು ಕೊಡುತ್ತಾರೆ?

ಹಳೆಯ ಬೆಲೆಪಟ್ಟಿ ಒಂದೇ ದಿನದಲ್ಲಿ ಕೆಲಸಕ್ಕೆ ಬಾರದಂತಾಗುವುದೂ ಉಂಟು. ಕೆನಡಾದಲ್ಲಿ ಗಳಿಕೆಯನ್ನು ಹೂಡಿದವರಿಗೆ ಹಂಚುವ ಇನ್‌ಕಮ್ ಟ್ರಸ್ಟ್‌ಗಳು ನಿವೃತ್ತರ ಅಚ್ಚುಮೆಚ್ಚಾಗಿದ್ದವು. 2006ರ ಅಕ್ಟೋಬರ್ 31ರ ಸಂಜೆ ಹಣಕಾಸು ಸಚಿವ ಜಿಮ್ ಫ್ಲಾಹರ್ಟಿ ಅವುಗಳ ಹಂಚಿಕೆಗೆ ತೆರಿಗೆ ಘೋಷಿಸಿದರು. ಹಳೆಯ ಟ್ರಸ್ಟ್‌ಗಳಿಗೆ ತೆರಿಗೆ ಶುರುವಾಗುವುದು 2011ಕ್ಕೆ ಎಂದಿದ್ದರೂ ಮರುದಿನವೇ ಅವುಗಳ ಸೂಚ್ಯಂಕ ಶೇ. 10ಕ್ಕೂ ಹೆಚ್ಚು ಕುಸಿಯಿತು. ನಮ್ಮಲ್ಲೂ 2023ರ ಬಜೆಟ್ ಬಂಡವಾಳ ವಾಪಸಾತಿಯ ತೆರಿಗೆ ನಿಯಮ ಬದಲಿಸಿದೆ.

ಮೇಷ್ಟ್ರು ಮೊನ್ನೆ ಮತ್ತೆ ಬಂದಿದ್ದರು. ಕೆಂಪು ಗೆರೆಗಳ ಪಕ್ಕ ಪೆನ್ಸಿಲ್‌ನಲ್ಲಿ ಹೊಸ ಅಂಕಿಗಳು. ಗ್ರಾಚುಯಿಟಿ ಪೂರ್ತಿ ಹಾಕುವ ಮಾತು ಬಿಟ್ಟಿದ್ದಾರೆ. ಕಾಲು ಭಾಗ ಮಾತ್ರ, ಅದನ್ನೂ ರೀಟ್ ಮತ್ತು ರಸ್ತೆಗೆ ಹಂಚಿ ಮೂರು ಕಂತಿನಲ್ಲಿ. ಮೊದಲ ಕಂತು ಈ ಬಾರಿಯ ರೆಕಾರ್ಡ್ ಡೇಟ್, ಅಂದರೆ ಹಂಚಿಕೆ ಯಾರಿಗೆಂದು ನಿಗದಿಯಾಗುವ ದಿನ, ಕಳೆದ ಮೇಲೆ: ಅದಕ್ಕೆ ಮುಂಚೆ ಕೊಂಡರೆ ಹಂಚಿಕೆ ಕೈಗೆ ಬರುತ್ತದೆ, ಹೆಚ್ಚುಕಡಿಮೆ ಅಷ್ಟೇ ಬೆಲೆಯೂ ಇಳಿಯುತ್ತದೆ, ಮೇಲೆ ತೆರಿಗೆ ಬೇರೆ.