ಯೋಚನೆ ನಿಲ್ಲದಿದ್ದರೆ ಅದು ಧ್ಯಾನವೇ ಅಲ್ವಾ?

ಪ್ರಶ್ನೆ: 2 ವರ್ಷದಿಂದ ದಿನಾ ಬೆಳಿಗ್ಗೆ 20 ನಿಮಿಷ ಧ್ಯಾನಕ್ಕೆ ಕೂರುತ್ತಿದ್ದೇನೆ. ಯೋಚನೆ ನಿಲ್ಲುವುದೇ ಇಲ್ಲ. ಒಂದು ನೋಟ್‌ಬುಕ್ ಇಟ್ಟಿದ್ದೇನೆ, ದಿನವೂ ಅದರಲ್ಲಿ 'ಇವತ್ತೂ ಆಗಲಿಲ್ಲ' ಅಂತ ಬರೆಯುವುದೇ ಆಗಿದೆ. ಧ್ಯಾನದಿಂದ ಒಳಗೆ ಪ್ರೀತಿ ಹುಟ್ಟುತ್ತದೆ, ಎಲ್ಲರೂ ಒಂದೇ ಅನ್ನಿಸುತ್ತದೆ ಅಂತಾರೆ. ನನಗೆ ಅಂಥದ್ದೇನೂ ಆಗಿಲ್ಲ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ನೀವು ಮಾಡುತ್ತಿರುವುದು ಧ್ಯಾನವೇ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ತರಗತಿ ಮುಗಿದು ಚಾಪೆ ಸುತ್ತುವಾಗ ಕೇಳುತ್ತಾರೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಕೇಳುತ್ತಾರೆ. ವಿಶ್ವಸಂಸ್ಥೆ 2024ರಲ್ಲಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನ ಅಂತ ಘೋಷಿಸಿದ ಮೇಲಂತೂ ಚಳಿಗಾಲ ಬಂತೆಂದರೆ ಕೇಳುವವರು ಜಾಸ್ತಿ. ಎಲ್ಲರ ಪ್ರಶ್ನೆಯ ಬುಡದಲ್ಲೂ ಒಂದೇ ತಪ್ಪು ತಿಳುವಳಿಕೆ ಇರುತ್ತದೆ. ಧ್ಯಾನ ಅಂದರೆ ಮನಸ್ಸನ್ನು ಖಾಲಿ ಮಾಡುವುದು, ಯೋಚನೆ ಬಂತೆಂದರೆ ಸೋತ ಹಾಗೆ. ಯಾರು ಹೇಳಿದರು ಇದನ್ನು ನಿಮಗೆ?

ಸ್ವಲ್ಪ ಓದಿಕೊಂಡವರು ತಕ್ಷಣ ಯೋಗಸೂತ್ರ ಬರೆದ ಪತಂಜಲಿಯನ್ನು ಎಳೆದು ತರುತ್ತಾರೆ. 'ಯೋಗಶ್ಚಿತ್ತವೃತ್ತಿನಿರೋಧಃ' ಅಂದಿದ್ದಾನಲ್ಲ, ಚಿತ್ತದ ಅಲೆಗಳನ್ನು ತಡೆಯುವುದೇ ಯೋಗ ಅಂತ? ಹೌದು, ಅಂದಿದ್ದಾನೆ. ಆದರೆ ಅದು ಮೊದಲ ಪಾದದ, ಅಂದರೆ ಮೊದಲ ಅಧ್ಯಾಯದ, ಎರಡನೇ ಸೂತ್ರ. ಬಹಳ ಜನ ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಅಲ್ಲಿ ಅವನು ಹೇಳುತ್ತಿರುವುದು ಯೋಗ ಎಂದರೇನು ಅಂತ. ಧ್ಯಾನ ಯೋಗದ ಎಂಟು ಅಂಗಗಳಲ್ಲಿ ಏಳನೆಯದು, ಅದರ ಮಾತು ಬರುವುದು ಮೂರನೇ ಪಾದದಲ್ಲಿ. ಮೊದಲು ಧಾರಣೆ: ಮನಸ್ಸನ್ನು ಒಂದು ಜಾಗಕ್ಕೆ ಕಟ್ಟುವುದು. ಆಮೇಲೆ ಧ್ಯಾನ: 'ತತ್ರ ಪ್ರತ್ಯಯೈಕತಾನತಾ ಧ್ಯಾನಮ್', ಕಟ್ಟಿದ ಜಾಗದಲ್ಲಿ ಅರಿವು ಒಂದೇ ಎಳೆಯಾಗಿ ಹರಿಯುವುದು. ಎಳೆ ಇದೆ, ಹರಿವೂ ಇದೆ. ಖಾಲಿ ಎಲ್ಲಿ ಬಂತು?

ರಾಮಾನುಜಾಚಾರ್ಯರನ್ನು ಕೇಳಿ. ನಮ್ಮ ಮೇಲುಕೋಟೆ ಸೀಮೆಯಲ್ಲಿ ವರ್ಷಗಟ್ಟಲೆ ಇದ್ದವರು. ಅವರು ಧ್ಯಾನವನ್ನು ಎಣ್ಣೆಯ ಧಾರೆಗೆ ಹೋಲಿಸಿದರು. ನೀರು ಸುರಿದರೆ ಚೆದುರಿ ಬೀಳುತ್ತದೆ, ಎಣ್ಣೆ ದಾರದ ಹಾಗೆ ಇಳಿಯುತ್ತದೆ. ಹಾಗೆ ಕಡಿಯದೆ ಇಳಿಯುವ ದೇವರ ನೆನಪೇ ಅವರಿಗೆ ಧ್ಯಾನ. ಆ ನೆನಪೇ ತೀರಾ ಪ್ರಿಯವಾದಾಗ ಅದಕ್ಕೆ ಭಕ್ತಿ ಅಂದರು. ಅಂದರೆ ಅವರ ಧ್ಯಾನದಲ್ಲಿ ನೆನಪೂ ಇದೆ, ಪ್ರೀತಿಯೂ ಇದೆ.

ಇನ್ನು ಗೀತೆಯ ಆರನೇ ಅಧ್ಯಾಯ. 'ಈ ಮನಸ್ಸು ಚಂಚಲ, ಗಾಳಿಯನ್ನು ಹಿಡಿದಷ್ಟು ಕಷ್ಟ' ಅಂತ ಅರ್ಜುನ ಕೈಚೆಲ್ಲುತ್ತಾನೆ. ಅದಕ್ಕೆ ಕೃಷ್ಣನ ಮೊದಲ ಮಾತೇ 'ಅಸಂಶಯಂ'. ಸಂಶಯವೇ ಇಲ್ಲಪ್ಪಾ, ಕಷ್ಟವೇ. ಆಮೇಲೆ ಅಭ್ಯಾಸ ಮತ್ತು ವೈರಾಗ್ಯದ ಮಾತು ಬರುತ್ತದೆ. ಅಭ್ಯಾಸ ಹೇಗೆ ಅಂತ ಅದೇ ಅಧ್ಯಾಯದ 26ನೇ ಶ್ಲೋಕದಲ್ಲಿ ಮೊದಲೇ ಹೇಳಿಯಾಗಿದೆ: ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ತಿರುಗಿ ಕರೆತಾ. ಮನಸ್ಸು ಹೋಗುವುದಿಲ್ಲ ಅಂತ ಅಲ್ಲಿ ಯಾರೂ ಮಾತು ಕೊಟ್ಟಿಲ್ಲ. ಹೋಗಿಯೇ ಹೋಗುತ್ತದೆ ಅಂತ ಇಟ್ಟುಕೊಂಡೇ ಹೇಳಿದ್ದು ಅದು. ಬಸವಣ್ಣನವರೂ ತಮ್ಮ ಮನಸ್ಸನ್ನು ಕೊಂಬೆಯ ಮೇಲಿನ ಕೋತಿ ಅಂದರು. ಅವರ ಮನಸ್ಸೇ ಹಾರುತ್ತಿತ್ತಂತೆ, ನಿಮ್ಮದು ಹಾರಿದರೆ ಏನು ತಪ್ಪು?

ವಿಜ್ಞಾನ ಬೇಕೆನ್ನುವವರಿಗೆ ಇದೂ ಇರಲಿ. 2010ರಲ್ಲಿ ಹಾರ್ವರ್ಡ್‌ನ ಸಂಶೋಧಕರು 2,250 ಜನರನ್ನು ಫೋನ್ ಮೂಲಕ ದಿನದ ಬೇರೆ ಬೇರೆ ಹೊತ್ತಿನಲ್ಲಿ 'ಈಗ ನಿಮ್ಮ ಮನಸ್ಸು ಎಲ್ಲಿದೆ' ಅಂತ ಕೇಳಿದ್ದರು. ಕೇಳಿದಾಗಲೆಲ್ಲ ಸಿಕ್ಕ ಉತ್ತರ ಲೆಕ್ಕ ಹಾಕಿದರೆ, ಶೇ 47ರಷ್ಟು ಸಲ ಮನಸ್ಸು ಮಾಡುತ್ತಿದ್ದ ಕೆಲಸದ ಮೇಲೆ ಇರಲೇ ಇಲ್ಲ. ಇದು ಎಲ್ಲರ ಮನಸ್ಸಿನ ಸ್ವಭಾವ, ನಿಮ್ಮೊಬ್ಬರ ದೋಷವಲ್ಲ.

ಹಾಗಾದರೆ ಧ್ಯಾನದಲ್ಲಿ ಆಗುವುದೇನು? ಒಂದು ಕರುವಿನ ಮಾತು ಹೇಳುತ್ತೇನೆ.

5ನೇ ಶತಮಾನದಲ್ಲಿ ಶ್ರೀಲಂಕಾದಲ್ಲಿ ಕೂತು ಬುದ್ಧಘೋಷ ಎಂಬ ಭಿಕ್ಷು 'ವಿಸುದ್ಧಿಮಗ್ಗ' ಬರೆದರು. ಉಸಿರಿನ ಧ್ಯಾನ ವಿವರಿಸುವಾಗ ಅವರು ಹಟಮಾರಿ ಹಸುವಿನ ಹಾಲು ಕುಡಿದು ಬೆಳೆದ ಕರುವಿನ ಹೋಲಿಕೆ ಕೊಡುತ್ತಾರೆ. ಗೋವಳ ಅದನ್ನು ಬೇರೆ ಮಾಡಿ ಗಟ್ಟಿ ಗೂಟಕ್ಕೆ ಕಟ್ಟುತ್ತಾನೆ. ಕರು ಅತ್ತ ಇತ್ತ ಎಳೆದಾಡುತ್ತದೆ. ಓಡಲಾಗದೆ ಕೊನೆಗೆ ಆ ಗೂಟದ ಪಕ್ಕದಲ್ಲೇ ಮಲಗುತ್ತದೆ. ಮನಸ್ಸು ಕರು, ಉಸಿರು ಗೂಟ, ಉಸಿರಿನ ಮೇಲೆ ಇಟ್ಟ ನೆನಪು ಹಗ್ಗ.

ಇದನ್ನು ಓದಿದಾಗ ನನಗೆ ನಮ್ಮ ಕೊಟ್ಟಿಗೆ ಕಣ್ಣಿಗೆ ಕಟ್ಟಿತು. ಚಿಕ್ಕವರಿದ್ದಾಗ ಕರು ಕಟ್ಟುವ ಕೆಲಸ ನನ್ನದು. ಮತ್ತೆ ಬಿಚ್ಚಿಕೊಂಡು ಹೋಗಿ ಹಾಲೆಲ್ಲ ಕುಡಿದುಬಿಟ್ಟರೆ ಅನ್ನುವ ಭಯಕ್ಕೆ ಹಗ್ಗ ಗಿಡ್ಡ ಮಾಡಿ ಬಿಗಿಯುತ್ತಿದ್ದೆ. ಕರು ಎಳೆದು ಎಳೆದು ಕುತ್ತಿಗೆಯ ಕೂದಲು ಉದುರಿ, ಕೆಂಪಗೆ ಗಾಯ ಆಗಿತ್ತು. ಅಜ್ಜಿ ನನ್ನನ್ನು ಬೈಯಲಿಲ್ಲ. ಗಾಯಕ್ಕೆ ಅರಿಸಿನ ಎಣ್ಣೆ ಹಚ್ಚಿ, ಹಗ್ಗ ಬಿಚ್ಚಿ, ಒಂದು ಮಾರು ಉದ್ದ ಬಿಟ್ಟು ಕಟ್ಟಿದಳು. 'ಅದೂ ಜೀವ ಅಲ್ವಾ, ಮಲಗೋಕೆ ಜಾಗ ಬೇಡ್ವಾ' ಅಂದಳು. ಅವತ್ತು ಕರು ಮಲಗಿತು.

ನೀವು ಹಗ್ಗವನ್ನು ಗಿಡ್ಡ ಮಾಡಿ ಕಟ್ಟಿದ್ದೀರಿ. ಕೂತ 20 ನಿಮಿಷದಲ್ಲಿ ಮನಸ್ಸು 50 ಸಲ ಹೋಯಿತು ಅಂತಿಟ್ಟುಕೊಳ್ಳಿ. ಗೊತ್ತಾದಾಗಲೆಲ್ಲ 'ಥೂ, ಮತ್ತೆ ಹೋಯ್ತಲ್ಲ' ಅಂತ ಎಳೆದು ತಂದರೆ ಒಂದು ಬೆಳಿಗ್ಗೆ 50 ಸಲ ಬೈಯುವುದನ್ನು ಅಭ್ಯಾಸ ಮಾಡಿದ ಹಾಗಾಯಿತು. ಪ್ರೀತಿ ಎಲ್ಲಿಂದ ಬರಬೇಕು? ಅದೇ 50 ಸಲ 'ಬಾಪ್ಪ, ಬಾ' ಅಂತ ಕರೆದು ನೋಡಿ. ನೀವು ಹುಡುಕುತ್ತಿರುವ ಒಳಗಿನ ಪ್ರೀತಿ ಆ ಕರೆಯುವ ರೀತಿಯಲ್ಲೇ ಇದೆ. ಯೋಚನೆಗಳೆಲ್ಲ ಮುಗಿದ ಮೇಲೆ ಬಹುಮಾನವಾಗಿ ಬರುವಂಥದ್ದಲ್ಲ ಅದು. ಅಭ್ಯಾಸ ಗಟ್ಟಿಯಾಗಲು ಪತಂಜಲಿ ಮೂರು ಬೇಕೆನ್ನುತ್ತಾನೆ: ದೀರ್ಘಕಾಲ, ನೈರಂತರ್ಯ, ಸತ್ಕಾರ. ಮೊದಲೆರಡು ನಿಮ್ಮಲ್ಲಿವೆ. ಸತ್ಕಾರ ಅಂದರೆ ಆದರ. ಮನೆಗೆ ಬಂದ ನೆಂಟರಿಗೆ ನೀರು ಕೊಟ್ಟು, ಕೂರಿ ಅನ್ನುತ್ತೇವಲ್ಲ, ಅದೇ ಮಾತು. ಮರಳಿ ಬಂದ ಮನಸ್ಸಿಗೆ ಅಷ್ಟಾದರೂ ಮಾಡಿ.

'ಎಲ್ಲರೂ ಒಂದೇ' ಅನ್ನುವುದು ಬೆಳಕು ಕಂಡು ಮೈ ಝುಂ ಅನ್ನುವ ಅನುಭವ ಅಂತ ಕಾಯುತ್ತಾ ಕೂರಬೇಡಿ. ನನ್ನ ತರಗತಿಗೆ ಬರುವ ಒಬ್ಬರ ಮನೆಯಲ್ಲಿ ತಾಯಿಗೆ ಮರೆವಿನ ಕಾಯಿಲೆ. 'ಅಪ್ಪ ಬಂದ್ರಾ?' ಅಂತ ದಿನಕ್ಕೆ ಮೂವತ್ತು ಸಲ ಕೇಳುತ್ತಾರೆ. ಒಂದು ಸಂಜೆ ಮೂವತ್ತನೇ ಸಲ ಉತ್ತರ ಕೊಡುವಾಗ ತಮ್ಮ ದನಿ ಬಿರುಸಾಗಿಲ್ಲ ಅನ್ನುವುದು ಅವರ ಗಮನಕ್ಕೆ ಬಂತಂತೆ. 'ಬೆಳಿಗ್ಗೆ ನನ್ನ ಮನಸ್ಸು ಮಾಡೋದೂ ಇದನ್ನೇ ಅಲ್ವಾ ಅನ್ನಿಸಿತು' ಅಂದರು. ಗೀತೆಯ ಅದೇ ಅಧ್ಯಾಯ ಇದಕ್ಕೆ ಆತ್ಮೌಪಮ್ಯ ಅನ್ನುತ್ತದೆ. ತನ್ನಂತೆಯೇ ಇತರರು ಅಂತ ಕಾಣುವುದು. ಇದು ಆ ಹೆಣ್ಣುಮಗಳಿಗೆ ದಕ್ಕಿತು, ಅಡುಗೆಮನೆಯಲ್ಲಿ ನಿಂತಾಗಲೇ.

ಒಂದು ಮಾತು ನಡುವೆ. ಕಣ್ಣು ಮುಚ್ಚಿದರೆ ಭಯ, ಹಳೆಯ ಆಘಾತ ನುಗ್ಗಿ ಬರುವವರು ಕಣ್ಣು ತೆರೆದೇ ಕೂರಿ, ವೈದ್ಯರನ್ನು ಕಾಣಿ. ಹಟ ಬೇಡ.

ಇದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಒಂದಾಗುವುದು ಅಂದರೆ ನನಗೆ ಕೆಟ್ಟದ್ದು ಮಾಡಿದವರನ್ನೂ ಪ್ರೀತಿಸಬೇಕಾ? ಬುದ್ಧಘೋಷರ ಮೈತ್ರಿ ಧ್ಯಾನದಲ್ಲಿ ಇದಕ್ಕೆ ಕ್ರಮ ಇದೆ. ವೈರಿಯಿಂದ ಶುರು ಮಾಡಲೇಬೇಡಿ ಅನ್ನುತ್ತಾರೆ. ಮೊದಲು ನಿಮಗೆ ನೀವೇ ಒಳ್ಳೆಯದು ಬಯಸಿ. ಆಮೇಲೆ ಗೌರವಿಸುವ ಗುರುವಿನಂಥವರಿಗೆ, ಆಮೇಲೆ ಆಪ್ತರಿಗೆ, ಆಮೇಲೆ ಪರಿಚಯವಷ್ಟೇ ಇರುವವರಿಗೆ. ವೈರಿಯ ಸರದಿ ಕೊನೆಗೆ. ಹೀಗೆ ಹೋಗುತ್ತಾ ನಾನು, ನನ್ನವರು, ಬೇರೆಯವರು ಅನ್ನುವ ಗಡಿ ಅಳಿಯಬೇಕು. ಅಳಿದಿದೆಯೋ ಇಲ್ಲವೋ ನೋಡಲು ಒಂದು ಪರೀಕ್ಷೆ ಕೊಡುತ್ತಾರೆ. ನೀವು, ನಿಮ್ಮ ಆಪ್ತ, ಒಬ್ಬ ಪರಿಚಿತ, ಒಬ್ಬ ವೈರಿ ಒಟ್ಟಿಗೆ ಕೂತಿದ್ದೀರಿ. ದರೋಡೆಕೋರರು ಬಂದು 'ಬಲಿ ಕೊಡಲು ಒಬ್ಬರನ್ನು ಕೊಡಿ' ಅನ್ನುತ್ತಾರೆ. ವೈರಿಯನ್ನು ತೋರಿಸಿದರೆ ಗಡಿ ಅಳಿದಿಲ್ಲ, ಸರಿ. 'ಇವರನ್ನು ಬಿಡಿ, ನನ್ನನ್ನು ಒಯ್ಯಿರಿ' ಅಂದರೆ? ಆಗಲೂ ಅಳಿದಿಲ್ಲ ಅನ್ನುತ್ತಾರೆ! ಮೂವರಿಗೆ ಒಳ್ಳೆಯದು ಬಯಸಿ ಒಬ್ಬರಿಗೆ ಕೆಟ್ಟದ್ದು ಬಯಸಿದ ಹಾಗಾಯಿತಲ್ಲ. ನಾಲ್ವರಲ್ಲಿ ಕೊಡಬಹುದಾದವರು ಒಬ್ಬರೂ ಕಾಣದಿದ್ದಾಗ ಮಾತ್ರ ಗಡಿ ಅಳಿದಂತೆ.

ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಒಂದು ಕ್ಷಣ ಯಾರೂ ಮಾತಾಡುವುದಿಲ್ಲ. ತಮ್ಮನ್ನೇ ಒಪ್ಪಿಸಿಬಿಡುವುದು ದೊಡ್ಡತನ ಅಂತಲೇ ನಾವು ಕಲಿತಿರುತ್ತೇವೆ, ಅದರಲ್ಲೂ ಹೆಂಗಸರು. ನಿಮ್ಮ ನೋಟ್‌ಬುಕ್‌ನಲ್ಲಿ 2 ವರ್ಷದಿಂದ ದಿನಾ ಬೆಳಿಗ್ಗೆ ಒಬ್ಬರನ್ನು ಆ ದರೋಡೆಕೋರರ ಕೈಗೆ ಕೊಡುತ್ತಾ ಬಂದಿದ್ದೀರಿ.

ನಾಳೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಕೂರಿ. ಎದ್ದ ಮೇಲೆ 'ಇವತ್ತೂ ಆಗಲಿಲ್ಲ' ಅಂತ ಬರೆಯಬೇಡಿ. ಮನಸ್ಸು ಎಲ್ಲಿಗೆ ಹೋಗಿತ್ತು, ಏನಂತ ಕರೆದಿರಿ, ಇಷ್ಟು ಬರೆಯಿರಿ, ಒಂದೇ ಸಾಲು ಸಾಕು. ತಿಂಗಳು ಕಳೆದ ಮೇಲೆ ಮೊದಲ ದಿನ ಕರೆದ ಮಾತು ಮತ್ತು ಕೊನೆಯ ದಿನ ಕರೆದ ಮಾತು, ಎರಡನ್ನೂ ನನಗೆ ಬರೆದು ಕಳಿಸಿ.